ಬಂದು ಮಾಯವಾಗುವ ಬ್ರೇಕ್ ದೀಪ: ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕಿನ ದೋಷ ಹಿಡಿಯುವುದು ಹೇಗೆ?

ಬೆಳಿಗ್ಗೆ ಆಫೀಸಿಗೆ ಹೊರಟಾಗ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿಕೊಂಡಿದೆ. ಪಾರ್ಕಿಂಗ್ ಬ್ರೇಕ್ ಪರೀಕ್ಷಿಸಿ ಎಂಬ ಸಂದೇಶವೂ ಇದೆ. ಗುಂಡಿ ಒತ್ತಿದರೆ ಬ್ರೇಕ್ ಬಿಡುತ್ತಿಲ್ಲ. ಇಂಜಿನ್ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಏನೂ ಆಗೇ ಇಲ್ಲವೆಂಬಂತೆ ಬಿಟ್ಟುಕೊಳ್ಳುತ್ತದೆ. ಎರಡು ವಾರ ಎಲ್ಲ ಸರಿ, ಆಮೇಲೆ ಮತ್ತೊಂದು ಬೆಳಿಗ್ಗೆ ಅದೇ ಪಾಡು. ಸರ್ವಿಸ್ ಸೆಂಟರಿಗೆ ಒಯ್ದ ದಿನ ಮಾತ್ರ ಕಾರು ಅಪ್ಪಟ ಆರೋಗ್ಯವಂತ. ‘ಎಲ್ಲಾ ಚೆಕ್ ಮಾಡಿದ್ವಿ ಸಾರ್, ಈಗೇನೂ ಪ್ರಾಬ್ಲಮ್ ತೋರಿಸ್ತಿಲ್ಲ. ಮತ್ತೆ ಬಂದ್ರೆ ತಗೊಂಡ್ ಬನ್ನಿ’ ಎನ್ನುತ್ತಾರೆ ಸರ್ವಿಸ್ ಅಡ್ವೈಸರ್. ಕೆಲವು ಕಡೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ಮೋಟಾರ್ ಬದಲಾಯಿಸಿ ನೋಡೋಣ’ ಎಂದು ದೊಡ್ಡದೊಂದು ಎಸ್ಟಿಮೇಟ್ ಕೈಗಿಡುತ್ತಾರೆ.

ಈ ‘ಬದಲಾಯಿಸಿ ನೋಡೋಣ’ ಎಂಬ ಮಾತಿಗೆ ಒಪ್ಪಬೇಡಿ ಎಂದು ಹೇಳುವುದಕ್ಕೇ ಈ ಲೇಖನ. ಸದಾ ಇರುವ ದೋಷವನ್ನು ಯಾವ ಹೊತ್ತಿನಲ್ಲಾದರೂ ಹುಡುಕಬಹುದು. ಬಂದು ಹೋಗುವ ದೋಷ ಹಾಗಲ್ಲ, ಅದಕ್ಕೊಂದು ಸಂದರ್ಭ ಬೇಕು. ಮಳೆ, ಚಳಿ, ಇಳಿದ ಬ್ಯಾಟರಿ, ಗುಂಡಿ ಬಿದ್ದ ರಸ್ತೆ, ಬಿಸಿಯಾದ ಬ್ರೇಕ್, ಇವುಗಳಲ್ಲಿ ಯಾವುದೋ ಒಂದು ಕೂಡಿಬಂದಾಗ ಮಾತ್ರ ಅದು ಮುಖ ತೋರಿಸುತ್ತದೆ. ಆ ಸಂದರ್ಭ ಯಾವುದೆಂದು ಪತ್ತೆಯಾದರೆ ಅರ್ಧ ಕೆಲಸ ಮುಗಿದಂತೆ. ಅದನ್ನು ಪತ್ತೆ ಮಾಡಬಲ್ಲವರು ಕಾರನ್ನು ದಿನವೂ ಓಡಿಸುವ ನೀವೇ. ಅರ್ಧ ದಿನ ಕಾರನ್ನು ಇಟ್ಟುಕೊಳ್ಳುವ ಮೆಕ್ಯಾನಿಕ್‌ಗೆ ಅದು ಸಿಗುವುದು ಅದೃಷ್ಟವಿದ್ದರೆ ಮಾತ್ರ.

ಹುಡುಕಾಟಕ್ಕೆ ಇಳಿಯುವ ಮುನ್ನ ಸುರಕ್ಷತೆಯ ಮಾತು. ದೀಪ ಒಮ್ಮೆ ಬಂದು ಹೋಗಿದ್ದರೂ ಸರಿ, ದೋಷ ಪತ್ತೆಯಾಗಿ ರಿಪೇರಿಯಾಗುವವರೆಗೆ ಆ ಬ್ರೇಕನ್ನು ನಂಬಿ ಇಳಿಜಾರಿನಲ್ಲಿ ಕಾರು ನಿಲ್ಲಿಸಬೇಡಿ. ಮಡಿಕೇರಿ, ಸಕಲೇಶಪುರದ ಕಡೆ ಮನೆಯಿರುವವರಿಗೆ ಇದು ಕಷ್ಟ ಎಂದು ಗೊತ್ತು. ಅಂಥವರು ಆಟೊಮ್ಯಾಟಿಕ್ ಕಾರಾದರೆ ‘ಪಿ’ಯಲ್ಲಿಡಿ. ಮ್ಯಾನ್ಯುವಲ್ ಆದರೆ ಮೂತಿ ಮೇಲಕ್ಕಿದ್ದಾಗ ಮೊದಲ ಗೇರ್, ಕೆಳಕ್ಕಿದ್ದಾಗ ರಿವರ್ಸ್ ಗೇರ್ ಹಾಕಿ. ಜೊತೆಗೆ ಚಕ್ರಕ್ಕೆ ಅಡ್ಡಗಲ್ಲು ಕೊಡಿ. ಸ್ಟೇರಿಂಗನ್ನು ತಿರುಗಿಸಿ, ಕಾರು ಉರುಳಿದರೂ ಫುಟ್‌ಪಾತಿನ ಅಂಚಿಗೋ ಮಣ್ಣಿನ ದಿಬ್ಬಕ್ಕೋ ತಾಗಿ ನಿಲ್ಲುವ ಹಾಗೆ ಮಾಡಿ. ಮಕ್ಕಳನ್ನು ಕಾರಿನಲ್ಲಿ ಕೂರಿಸಿ ‘ಒಂದ್ನಿಮಿಷ ಬಂದೆ’ ಎಂದು ಇಳಿಯುವುದು ಬೇಡವೇ ಬೇಡ.

ಇಂದು ಹ್ಯುಂಡೈ ಕ್ರೆಟಾ, ಜೀಪ್ ಕಂಪಾಸ್, ಇನ್ನೋವಾ ಹೈಕ್ರಾಸ್, ಹೋಂಡಾ ಸಿಟಿ ಹೈಬ್ರಿಡ್ ಮುಂತಾದ ಕಾರುಗಳಲ್ಲಿ, ಕೆಲವದರಲ್ಲಿ ಮೇಲಿನ ವೇರಿಯೆಂಟ್‌ಗಳಲ್ಲಿ ಮಾತ್ರ, ಈ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ವ್ಯವಸ್ಥೆ ಬರುತ್ತದೆ. ತಂತ್ರ ಹೊಸದೇನಲ್ಲ. 2001ರ ಬಿಎಂಡಬ್ಲ್ಯು 7 ಸೀರೀಸ್‌ನಲ್ಲೇ ಹ್ಯಾಂಡ್ ಬ್ರೇಕಿನ ಜಾಗಕ್ಕೆ ಗುಂಡಿ ಬಂದಿತ್ತು. ಮೊದಮೊದಲಿನ ಹಲವು ಕಾರುಗಳಲ್ಲಿ ಒಂದೇ ಮೋಟಾರು ಹಳೆಯ ಹ್ಯಾಂಡ್ ಬ್ರೇಕಿನ ಕೇಬಲ್ಲನ್ನೇ ಎಳೆಯುತ್ತಿತ್ತು. ಈಗ ಹೆಚ್ಚಿನವುಗಳಲ್ಲಿ ಕೇಬಲ್ಲೇ ಇಲ್ಲ. ಹಿಂದಿನ ಎರಡು ಚಕ್ರಗಳಲ್ಲಿ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ಗೆ ಒಂದೊಂದು ಪುಟ್ಟ ಮೋಟಾರು ಕಚ್ಚಿಕೊಂಡಿರುತ್ತದೆ. ಈ ಬಗೆಯನ್ನೇ ಮುಂದೆ ವಿವರಿಸುತ್ತೇನೆ.

ನೀವು ಸ್ವಿಚ್ ಎಳೆದಾಗ ಬ್ರೇಕಿನ ಕಂಪ್ಯೂಟರು ಆ ಎರಡು ಮೋಟಾರುಗಳಿಗೆ ಕರೆಂಟು ಕೊಡುತ್ತದೆ. ಮೋಟಾರಿನ ವೇಗವನ್ನು ಗೇರುಗಳು ಬಹಳಷ್ಟು ತಗ್ಗಿಸಿ ಬಲವನ್ನು ಹೆಚ್ಚಿಸುತ್ತವೆ. ಕೊನೆಯಲ್ಲಿರುವ ಸ್ಕ್ರೂ ತಿರುಗಿ ಪಿಸ್ಟನ್ನನ್ನು ತಳ್ಳುತ್ತದೆ, ಪ್ಯಾಡುಗಳು ಡಿಸ್ಕನ್ನು ಹಿಡಿಯುತ್ತವೆ. ಸಾಕಷ್ಟು ಬಿಗಿಯಾಗಿದೆ ಎಂದು ಕಂಪ್ಯೂಟರಿಗೆ ಗೊತ್ತಾಗುವುದು ಹೇಗೆ? ಅಲ್ಲಿ ಬಲ ಅಳೆಯುವ ಸೆನ್ಸರ್ ಸಾಮಾನ್ಯವಾಗಿ ಇರುವುದಿಲ್ಲ. ಮೋಟಾರು ಎಳೆಯುವ ಕರೆಂಟನ್ನೇ ಕಂಪ್ಯೂಟರು ಗಮನಿಸುತ್ತಿರುತ್ತದೆ. ಪ್ಯಾಡು ಡಿಸ್ಕಿಗೆ ತಾಗುವವರೆಗೆ ಕರೆಂಟು ಕಡಿಮೆ, ತಾಗಿ ಬಿಗಿಯುತ್ತಿದ್ದಂತೆ ಏರುತ್ತದೆ. ನಿಗದಿತ ಮಟ್ಟ ಮುಟ್ಟಿದಾಗ ‘ಹಿಡಿಯಿತು’ ಎಂದುಕೊಂಡು ಕಂಪ್ಯೂಟರು ಮೋಟಾರನ್ನು ನಿಲ್ಲಿಸುತ್ತದೆ. ಬಿಡುವಾಗ ಅದೇ ಎರಡು ವೈರುಗಳಲ್ಲಿ ಪ್ಲಸ್ ಮೈನಸ್ ಅದಲುಬದಲಾಗಿ ಮೋಟಾರು ಉಲ್ಟಾ ತಿರುಗುತ್ತದೆ.

ಈ ದೋಷಗಳ ಬಹುಪಾಲು ಗುಟ್ಟು ಇಲ್ಲೇ ಇದೆ. ಕರೆಂಟಿನ ಏರಿಳಿತವನ್ನೇ ನೋಡಿ ತೀರ್ಮಾನಿಸುವ ವ್ಯವಸ್ಥೆಗೆ ದಾರಿಯಲ್ಲಿ ಎಲ್ಲಿ ಕರೆಂಟು ತಡವರಿಸಿದರೂ ಅನುಮಾನ ಬರುತ್ತದೆ. ಬ್ಯಾಟರಿ ಇಳಿದಿರಲಿ, ವೈರು ಜೋಡಿಸುವ ಕಪ್ಲರ್‌ನಲ್ಲಿ ಕಿಲುಬು ಹಿಡಿದಿರಲಿ, ಕ್ಯಾಲಿಪರ್‌ನ ಪಿನ್ನು ತುಕ್ಕಿನಿಂದ ಬಿಗಿದಿರಲಿ, ಕಂಪ್ಯೂಟರಿಗೆ ಎಲ್ಲವೂ ‘ಅಂದುಕೊಂಡಷ್ಟು ಹೊತ್ತಿನಲ್ಲಿ ಅಂದುಕೊಂಡಷ್ಟು ಕರೆಂಟು ಬರಲಿಲ್ಲ’ ಎಂದೇ ಕಾಣುತ್ತದೆ. ಅದಕ್ಕೇ ಹೇಳುವುದು, ಮೋಟಾರಿನ ಹೆಸರಿರುವ ಎರರ್ ಕೋಡ್ ಬಂದ ಮಾತ್ರಕ್ಕೆ ಮೋಟಾರು ಕೆಟ್ಟಿದೆ ಎಂದಲ್ಲ.

ದೋಷವಲ್ಲದ್ದನ್ನು ದೋಷ ಅಂದುಕೊಳ್ಳುವುದೂ ಉಂಟು. ಕಾರು ನಿಲ್ಲಿಸಿ, ಬೀಗ ಹಾಕಿ ಹೋದ ಕೆಲ ನಿಮಿಷದ ಮೇಲೆ ಹಿಂದಿನ ಚಕ್ರದ ಹತ್ತಿರ ‘ಝೂಂ’ ಎಂಬ ಸದ್ದು ಕೇಳಿ ಹೆದರುವವರಿದ್ದಾರೆ. ಘಾಟಿ ಇಳಿದು ಬಂದಾಗ ಡಿಸ್ಕು ಕಾದು ಹಿಗ್ಗಿರುತ್ತದೆ, ಆರಿದ ಮೇಲೆ ಕುಗ್ಗಿ ಹಿಡಿತ ಸಡಿಲವಾಗುತ್ತದೆ. ಅದನ್ನು ಮೊದಲೇ ಲೆಕ್ಕ ಹಾಕಿರುವ ಕಂಪ್ಯೂಟರು ಇನ್ನೊಮ್ಮೆ ಬಿಗಿ ಮಾಡುವ ಸದ್ದು ಅದು. ಸೀಟ್ ಬೆಲ್ಟ್ ಹಾಕದೆ ಅಥವಾ ಬಾಗಿಲು ಸರಿಯಾಗಿ ಮುಚ್ಚದೆ ಆಕ್ಸಿಲರೇಟರ್ ಒತ್ತಿದರೆ ಬ್ರೇಕ್ ತಾನಾಗಿ ಬಿಡದಿರುವುದೂ ಸುರಕ್ಷತೆಯ ಏರ್ಪಾಡೇ. ಕೈಯಿಂದ ಸ್ವಿಚ್ ಒತ್ತಿ ಬಿಡಿಸುವಾಗ ಇಗ್ನಿಷನ್ ಆನ್ ಇರಬೇಕು, ಕಾಲು ಬ್ರೇಕ್ ಪೆಡಲಿನ ಮೇಲೆ ಇರಬೇಕು. ಅವಸರದಲ್ಲಿ ಪೆಡಲನ್ನು ಅರೆಬರೆ ಒತ್ತಿ ‘ಬಿಡ್ತಿಲ್ಲ’ ಎನ್ನುವವರು ಬೇಕಾದಷ್ಟು ಜನ. ದೀಪದ ಬಣ್ಣವನ್ನೂ ಗಮನಿಸಿ. ಕೆಂಪು ದೀಪ ಸ್ಥಿರವಾಗಿದ್ದರೆ ಬ್ರೇಕ್ ಹಿಡಿದಿದೆ ಎಂದರ್ಥ. ಕೆಂಪು ಮಿನುಗುತ್ತಲೇ ಇದ್ದರೆ ಹಿಡಿತ ಪೂರ್ತಿಯಾಗಿಲ್ಲ. ಹಳದಿ ಬಂದರೆ ವ್ಯವಸ್ಥೆಯಲ್ಲೇ ದೋಷವಿದೆ. ನಿಮ್ಮ ಕಾರಿನ ಕೈಪಿಡಿಯಲ್ಲಿ ಇದಕ್ಕೊಂದು ಪುಟವೇ ಇರುತ್ತದೆ, ಒಮ್ಮೆ ಓದಿಕೊಳ್ಳಿ.

ಈಗ ಹುಡುಕಾಟ. ಮೊದಲ ಉಪಕರಣ ನಿಮ್ಮ ಮೊಬೈಲು. ದೀಪ ಬಂದ ಕೂಡಲೇ ಡ್ಯಾಶ್‌ಬೋರ್ಡಿನ ಫೋಟೊ ತೆಗೆಯಿರಿ. ಬೇರೆ ಯಾವ ದೀಪಗಳು ಜೊತೆಗೆ ಬಂದಿವೆ ಎಂಬುದು ಬಹಳ ಮುಖ್ಯ. ಎಬಿಎಸ್ ದೀಪವೂ ಬಂದಿದ್ದರೆ ಚಕ್ರದ ವೇಗ ಅಳೆಯುವ ಸೆನ್ಸರ್ ಕಡೆಗೆ ನೋಡಬೇಕು. ಸ್ಟೇರಿಂಗ್, ಏರ್‌ಬ್ಯಾಗ್, ಟೈರ್ ಪ್ರೆಷರ್ ಎಂದು ದೀಪಗಳ ಜಾತ್ರೆಯೇ ನೆರೆದಿದ್ದರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ. ಆಮೇಲೆ ನಾಲ್ಕು ಸಾಲು ಬರೆದಿಡಿ. ಹೊತ್ತು ಯಾವುದು, ಹಿಂದಿನ ರಾತ್ರಿ ಮಳೆ ಬಂದಿತ್ತೇ, ಕಾರು ಎಷ್ಟು ದಿನ ನಿಂತಿತ್ತು, ವಾಟರ್ ಸರ್ವಿಸ್ ಮಾಡಿಸಿ ಎಷ್ಟು ಹೊತ್ತಾಗಿತ್ತು, ಬ್ರೇಕ್ ಹಿಡಿಯುವಾಗ ತೊಂದರೆಯೋ ಬಿಡುವಾಗ ತೊಂದರೆಯೋ? ಕೊನೆಯ ಪ್ರಶ್ನೆಗೆ ಹೆಚ್ಚು ಗಮನ ಕೊಡಿ. ಹಿಡಿಯುವಾಗ ಮಾತ್ರ ಕೈಕೊಟ್ಟರೆ ಬ್ಯಾಟರಿ, ವೈರು, ಮೋಟಾರುಗಳ ಕಡೆ ನೋಡಬೇಕಾಗುತ್ತದೆ. ಬಿಡುವಾಗ ಮಾತ್ರವಾದರೆ ಬ್ರೇಕ್ ಲೈಟ್ ಸ್ವಿಚ್ಚನ್ನೂ ಪಟ್ಟಿಗೆ ಸೇರಿಸಬೇಕು.

ಸದ್ದನ್ನೂ ಕೇಳಿಸಿಕೊಳ್ಳಿ. ಕಿಟಕಿ ಇಳಿಸಿ, ಎಸಿ ಮತ್ತು ಹಾಡು ನಿಲ್ಲಿಸಿ, ಸಮತಟ್ಟಾದ ನೆಲದ ಮೇಲೆ ಬ್ರೇಕ್ ಹಾಕಿ ಬಿಡಿ. ಮನೆಯವರೊಬ್ಬರನ್ನು ಹಿಂದಿನ ಎಡ ಚಕ್ರದ ಬಳಿ, ಆಮೇಲೆ ಬಲ ಚಕ್ರದ ಬಳಿ ಪಕ್ಕಕ್ಕೆ ನಿಲ್ಲಿಸಿ, ಕಾರಿನ ಹಿಂದೆ ಮಾತ್ರ ಬೇಡ. ಎರಡೂ ಕಡೆ ಒಂದೇ ಬಗೆಯ ಸದ್ದು, ಒಂದೇ ಹೊತ್ತು ಬರಬೇಕು. ಒಂದು ಕಡೆ ಗುಂಯ್‌ಗುಟ್ಟಿ ಇನ್ನೊಂದು ಕಡೆ ಮೌನ, ಅಥವಾ ಒಂದು ಕಡೆ ಕರಕರ ಎಂದರೆ ಯಾವ ಚಕ್ರ ಬಿಚ್ಚಬೇಕೆಂಬುದು ಆಗಲೇ ತೀರ್ಮಾನವಾಯಿತು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡರೆ ಸರ್ವಿಸ್ ಸೆಂಟರಿನಲ್ಲಿ ವಾದಕ್ಕೆ ಎಡೆಯಿರುವುದಿಲ್ಲ.

ಬ್ಯಾಟರಿಯ ಬಗ್ಗೆ ತುಸು ವಿವರವಾಗಿ ಹೇಳಬೇಕು. ಏಕೆಂದರೆ ಈ ತೊಂದರೆಯಲ್ಲಿ ಮೊದಲು ನೋಡಬೇಕಾದ್ದೂ ಅದೇ, ಅಗ್ಗದಲ್ಲಿ ಮುಗಿಯುವ ರಿಪೇರಿಯೂ ಅದೇ. ‘ಸೆಲ್ಫ್ ಹೊಡೀತಿದೆಯಲ್ಲ, ಬ್ಯಾಟರಿ ಚೆನ್ನಾಗೇ ಇದೆ’ ಎನ್ನುವ ವಾದವನ್ನು ದಿನವೂ ಕೇಳುತ್ತೇವೆ. ಅದು ಸಾಲದು. ಇಂಜಿನ್ ಸ್ಟಾರ್ಟ್ ಆಗುವ ಹೊತ್ತಿಗೆ ವೋಲ್ಟೇಜು ಕುಸಿದು, ಆ ಕ್ಷಣದಲ್ಲೇ ತನ್ನನ್ನು ತಾನು ಪರೀಕ್ಷಿಸಿಕೊಳ್ಳುತ್ತಿರುವ ಬ್ರೇಕ್ ಕಂಪ್ಯೂಟರು ಅದನ್ನು ದೋಷವೆಂದು ದಾಖಲಿಸಬಹುದು. ಇಂಜಿನ್ ಓಡತೊಡಗಿದ ಮೇಲೆ ಆಲ್ಟರ್ನೇಟರ್ ವೋಲ್ಟೇಜನ್ನು ಎತ್ತಿಹಿಡಿಯುವುದರಿಂದ ಮುಂದಿನ ಸಲ ಎಲ್ಲ ಸರಿ. ‘ಬೆಳಿಗ್ಗೆ ಮಾತ್ರ ಬರುತ್ತೆ, ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಹೋಗುತ್ತೆ’ ಎಂಬ ದೂರಿಗೆ ಬಹಳ ಸಲ ಇದೇ ಉತ್ತರ.

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ಆಸುಪಾಸು ತೋರಿಸಿದರೆ ಚಾರ್ಜು ಪೂರ್ತಿಯಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಬ್ಯಾಟರಿ ಖಾಲಿಯಾಗಿದೆ ಎಂದೇ ತಿಳಿಯಿರಿ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.7ರ ನಡುವೆ ಇರಬೇಕು. ಆದರೆ ಈಚಿನ ಸ್ಮಾರ್ಟ್ ಆಲ್ಟರ್ನೇಟರ್ ಇರುವ ಕಾರುಗಳಲ್ಲಿ ಇದು ಬೇಕೆಂದೇ ಇನ್ನೂ ಕೆಳಗಿಳಿಯುತ್ತದೆ, ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಸೆಲ್ಫ್ ಹೊಡೆಯುವಾಗ ಮೀಟರು 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಅಂಗಡಿಗೆ ಹೋಗಿ ಲೋಡ್ ಟೆಸ್ಟ್ ಮಾಡಿಸಿ. ನಮ್ಮ ಸೆಕೆಯಲ್ಲಿ ಬ್ಯಾಟರಿ ಬೇಗ ಸೊರಗುತ್ತದೆ, ಮೂರು ವರ್ಷ ದಾಟಿದ್ದರೆ ಅನುಮಾನಕ್ಕೆ ಕಾರಣವಿದೆ. ಸಿಗ್ನಲ್ಲಿನಲ್ಲಿ ತಾನಾಗಿ ಇಂಜಿನ್ ನಿಲ್ಲಿಸುವ ಸೌಲಭ್ಯವಿರುವ ಕಾರಿಗೆ ಇಎಫ್‌ಬಿ ಅಥವಾ ಎಜಿಎಂ ಬಗೆಯ ಬ್ಯಾಟರಿಯೇ ಬೇಕು. ದುಡ್ಡು ಉಳಿಯುತ್ತದೆಂದು ಸಾಧಾರಣ ಬ್ಯಾಟರಿ ಕೂರಿಸಿದ್ದರೆ ಇಂಥ ವಿಚಿತ್ರ ದೀಪಗಳು ಬರತೊಡಗುತ್ತವೆ.

ಬ್ಯಾಟರಿಯ ಟರ್ಮಿನಲ್ಲುಗಳನ್ನು ಕೈಯಲ್ಲಿ ತಿರುಗಿಸಿ ನೋಡಿ, ಅಲುಗಬಾರದು. ಬಿಳಿ ಪುಡಿ ಕಟ್ಟಿದ್ದರೆ ಶುಚಿ ಮಾಡಿಸಿ. ಬ್ಯಾಟರಿಯ ಮೈನಸ್ಸಿನಿಂದ ಬಾಡಿಗೆ ಹೋಗುವ ಅರ್ಥಿಂಗ್ ಬೋಲ್ಟನ್ನು ಯಾರೂ ನೋಡುವುದೇ ಇಲ್ಲ. ಕರಾವಳಿಯ ಉಪ್ಪುಗಾಳಿಯಲ್ಲಿ ಓಡಾಡುವ ಕಾರುಗಳಲ್ಲಿ ಆ ಬೋಲ್ಟಿನ ಕೆಳಗೆ ತುಕ್ಕು ಕೂತಿರುತ್ತದೆ. ಪರೀಕ್ಷೆ ಸುಲಭ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೊಳೆಗೆ, ಇನ್ನೊಂದು ಬಾಡಿಯ ಬಣ್ಣವಿಲ್ಲದ ಲೋಹಕ್ಕೆ ಮುಟ್ಟಿಸಿ, ಹೆಡ್‌ಲೈಟು, ಬ್ಲೋವರ್, ಹಿಂದಿನ ಗಾಜಿನ ಹೀಟರ್ ಎಲ್ಲ ಹಾಕಿ, ಮನೆಯವರಿಗೆ ಪಾರ್ಕಿಂಗ್ ಬ್ರೇಕ್ ಎಳೆಯಲು ಹೇಳಿ. ಮೀಟರು 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ದಾರಿಯಲ್ಲಿ ತಡೆಯಿದೆ. ಮೋಟಾರು ಓಡುವುದು ಒಂದೆರಡು ಸೆಕೆಂಡು ಮಾತ್ರ, ಆದ್ದರಿಂದ ಗರಿಷ್ಠ ಅಂಕಿಯನ್ನು ಹಿಡಿದಿಡುವ ಮೀಟರ್ ಇದ್ದರೆ ಒಳ್ಳೆಯದು.

ಆಕ್ಸೆಸರಿ ಅಂಗಡಿಯಲ್ಲಿ ಡ್ಯಾಶ್‌ಕ್ಯಾಮ್, ಆಂಪ್ಲಿಫೈಯರ್, ಬಣ್ಣದ ಎಲ್‌ಇಡಿ ಹಾಕಿಸಿದ್ದರೆ ಅದನ್ನೂ ನೆನಪಿಸಿಕೊಳ್ಳಿ. ಕೈಗೆ ಸಿಕ್ಕಿದ ವೈರಿನ ಸಿಪ್ಪೆ ಸುಲಿದು, ಅದಕ್ಕೆ ಇನ್ನೊಂದನ್ನು ಸುತ್ತಿ, ಇನ್ಸುಲೇಷನ್ ಟೇಪ್ ಹಚ್ಚಿ ಕಳಿಸುವ ಕೆಲಸ ಬ್ರೇಕಿನ ಜೀವಕ್ಕೆ ಕೈಹಾಕಿದಂತೆ. ನನಗೆ ಇದರ ಬಗ್ಗೆ ನಿಜವಾಗಿ ಸಿಟ್ಟಿದೆ. ದೋಷ ಶುರುವಾದದ್ದು ಅಂಥ ಫಿಟಿಂಗಿನ ನಂತರವಾದರೆ ಮೊದಲು ಆ ಸಾಮಾನನ್ನು ತೆಗೆಸಿ ಒಂದು ವಾರ ಓಡಿಸಿ ನೋಡಿ.

ಬ್ಯಾಟರಿ ಸರಿಯಿದ್ದರೆ ಮುಂದಿನದು ಸ್ಕ್ಯಾನಿಂಗ್. ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಒಬಿಡಿ ಸಾಕೆಟ್ಟಿಗೆ ಹಾಕುವ ಅಗ್ಗದ ಬ್ಲೂಟೂತ್ ರೀಡರುಗಳು ಹಲವರ ಬಳಿ ಇವೆ. ಅವುಗಳಲ್ಲಿ ಬಹುತೇಕವು ಇಂಜಿನ್ನಿಗೆ ಸಂಬಂಧಿಸಿದ ‘ಪಿ’ ಕೋಡುಗಳನ್ನು ಮಾತ್ರ ಓದುತ್ತವೆ. ಬ್ರೇಕಿನ ಕೋಡುಗಳು ‘ಸಿ’ ಅಕ್ಷರದಿಂದ, ಕಂಪ್ಯೂಟರುಗಳ ನಡುವಣ ಸಂಪರ್ಕ ಕಡಿದ ಕೋಡುಗಳು ‘ಯು’ ಅಕ್ಷರದಿಂದ ಶುರುವಾಗುತ್ತವೆ. ಇವನ್ನು ಓದಲು ಎಬಿಎಸ್ ಮತ್ತು ಪಾರ್ಕಿಂಗ್ ಬ್ರೇಕ್ ಮಾಡ್ಯೂಲಿನೊಳಗೆ ಹೋಗಬಲ್ಲ ಸ್ಕ್ಯಾನರ್ ಬೇಕು. ಅಗ್ಗದ ರೀಡರ್ ‘ಕೋಡ್ ಇಲ್ಲ’ ಎಂದರೆ ಕಾರಿನಲ್ಲಿ ಕೋಡೇ ಇಲ್ಲವೆಂದು ತಿಳಿಯಬೇಡಿ.

ಸರ್ವಿಸ್ ಸೆಂಟರಿನಲ್ಲಿ ಕೇಳಬೇಕಾದ ಎರಡು ವಿಷಯಗಳಿವೆ. ಒಂದು, ಈಗಿನ ಕೋಡುಗಳ ಜೊತೆ ಹಿಂದೆ ಬಂದು ಹೋದ, ನೆನಪಿನಲ್ಲಿ ಉಳಿದ ಕೋಡುಗಳ ಪಟ್ಟಿ. ಇನ್ನೊಂದು, ಕೋಡ್ ದಾಖಲಾದ ಕ್ಷಣದ ಸ್ಥಿತಿ, ಅಂದರೆ ಫ್ರೀಜ್ ಫ್ರೇಮ್. ಆಗ ಬ್ಯಾಟರಿ ವೋಲ್ಟೇಜು ಎಷ್ಟಿತ್ತು, ವೇಗ ಎಷ್ಟಿತ್ತು, ಕಿಲೋಮೀಟರ್ ಎಷ್ಟಾಗಿತ್ತು ಎಂಬುದನ್ನು ಹಲವು ಕಾರುಗಳು ಉಳಿಸಿಟ್ಟಿರುತ್ತವೆ. ಆ ಅಂಕಿಗಳನ್ನು ನೀವು ಬರೆದ ನಾಲ್ಕು ಸಾಲಿನ ಪಕ್ಕ ಇಟ್ಟು ನೋಡಿದರೆ ಎಷ್ಟೋ ಸಲ ಉತ್ತರ ತಾನಾಗಿ ಹೊಳೆಯುತ್ತದೆ. ಕೋಡುಗಳನ್ನು ಪ್ರಿಂಟ್ ತೆಗೆಯದೆ ಅಥವಾ ಫೋಟೊ ತೆಗೆಯದೆ ಅಳಿಸಲು ಬಿಡಬೇಡಿ. ‘ಕೋಡ್ ಕ್ಲಿಯರ್ ಮಾಡಿದೀವಿ’ ಎನ್ನುವುದು ರಿಪೇರಿ ಅಲ್ಲ, ಸಾಕ್ಷ್ಯ ನಾಶ.

ಕೋಡು ಎಡ ಅಥವಾ ಬಲ ಮೋಟಾರಿನ ಸರ್ಕೀಟ್ ಎಂದು ತೋರಿಸಿದರೆ ಚಕ್ರದ ಬಳಿಯ ವೈರು, ಕಪ್ಲರ್‌ಗಳ ಕಡೆ ಹೋಗಬೇಕು. ಬಂದು ಹೋಗುವ ದೋಷಗಳ ತವರು ಅದೇ. ಕಾರಿನ ಬಾಡಿ ಒಂದು ಕಡೆ ನಿಂತರೆ ಚಕ್ರ ಪ್ರತಿ ಗುಂಡಿಗೂ ಹಂಪಿಗೂ ಮೇಲೆ ಕೆಳಗೆ ಕುಣಿಯುತ್ತದೆ. ಇವೆರಡರ ನಡುವೆ ಜೋತಾಡುವ ಮೋಟಾರಿನ ವೈರು ವರ್ಷಗಟ್ಟಲೆ ಬಾಗಿ ಬಾಗಿ, ಮೇಲಿನ ರಬ್ಬರು ನೋಡಲು ಗಟ್ಟಿಯಾಗಿದ್ದರೂ ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಮಳೆಗಾಲದಲ್ಲಿ ಚಕ್ರ ಎರಚುವ ನೀರು, ವಾಟರ್ ಸರ್ವಿಸಿನವರು ನೇರವಾಗಿ ಹೊಡೆಯುವ ಪ್ರೆಷರ್ ಪೈಪಿನ ನೀರು, ಎರಡೂ ಕಪ್ಲರ್‌ನ ಸೀಲನ್ನು ದಾಟಿ ಒಳನುಗ್ಗುತ್ತವೆ.

ಕಾರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಲ್ಲು ಇಟ್ಟು, ಜಾಕಿಯನ್ನಷ್ಟೇ ನಂಬದೆ ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿದರೆ ಕ್ಯಾಲಿಪರ್‌ನ ಹಿಂಬದಿಯಲ್ಲಿ ಮುಷ್ಟಿಗಾತ್ರದ ಕಪ್ಪು ಪ್ಲಾಸ್ಟಿಕ್ ಡಬ್ಬ ಕಾಣುತ್ತದೆ. ಅದೇ ಮೋಟಾರು. ಇಗ್ನಿಷನ್ ಆಫ್ ಇರಲಿ. ಕಪ್ಲರ್‌ನ ಬೀಗದ ನಾಲಿಗೆಯನ್ನು ಒತ್ತಿ ಮೆಲ್ಲಗೆ ಎಳೆದರೆ ಎರಡು ಪಿನ್ನುಗಳು ಕಾಣುತ್ತವೆ. ಬೆಳ್ಳಗೆ ಹೊಳೆಯುತ್ತಿದ್ದರೆ ಸರಿ. ಒಂದರ ಬುಡದಲ್ಲಿ ಹಸಿರು ಕಿಲುಬು, ಪಕ್ಕದಲ್ಲಿ ಒಣಗಿದ ನೀರಿನ ಗೆರೆ, ರಬ್ಬರ್ ಸೀಲು ಒಂದು ಮೂಲೆಯಲ್ಲಿ ಮಡಚಿಕೊಂಡಿದ್ದರೆ ನೀವು ಹುಡುಕುತ್ತಿದ್ದುದು ಸಿಕ್ಕಿತು ಎಂದೇ ಲೆಕ್ಕ. ಒದ್ದೆಯಿದ್ದಾಗ ಕಿಲುಬಿನ ನಡುವೆ ಕರೆಂಟು ದಾರಿ ತಪ್ಪುತ್ತದೆ, ಬಿಸಿಲೇರಿ ಒಣಗಿದ ಮೇಲೆ ಸರಿಹೋಗುತ್ತದೆ. ಮಳೆ ಬಂದ ಮರುದಿನ ಬೆಳಿಗ್ಗೆ ಮಾತ್ರ ದೀಪ ಬರುವುದು ಇದಕ್ಕೇ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಶುಚಿ ಮಾಡಿದರೆ ಸ್ವಲ್ಪ ಕಾಲ ನಡೆಯುತ್ತದೆ. ಪಿನ್ನಿನ ಮೇಲಿನ ಲೇಪವೇ ತಿಂದುಹೋಗಿದ್ದರೆ ಕಪ್ಲರ್ ಅಥವಾ ಆ ತುಂಡು ವೈರಿಂಗನ್ನು ಬದಲಾಯಿಸಬೇಕು. ಎಮರಿ ಕಾಗದದಿಂದ ತಿಕ್ಕುವುದು ಬೇಡ, ಉಳಿದ ಲೇಪವೂ ಹೋಗುತ್ತದೆ.

ವೈರು ಒಳಗೇ ತುಂಡಾಗಿರುವುದನ್ನು ಹಿಡಿಯುವುದು ಇನ್ನೂ ಸೂಕ್ಷ್ಮ. ಬಹಳ ಮಂದಿ ಮಲ್ಟಿಮೀಟರನ್ನು ಬೀಪ್ ಮೋಡಿಗೆ ಹಾಕಿ, ವೈರಿನ ಎರಡು ತುದಿಗೆ ಮುಟ್ಟಿಸಿ, ಬೀಪ್ ಎಂದ ಕೂಡಲೇ ‘ವೈರ್ ಓಕೆ’ ಎನ್ನುತ್ತಾರೆ. ಆ ಪರೀಕ್ಷೆಯಲ್ಲಿ ವೈರಿನೊಳಗೆ ಹರಿಯುವುದು ಹೆಸರಿಗಷ್ಟೇ ಕರೆಂಟು. ಹತ್ತಾರು ಎಳೆಗಳಲ್ಲಿ ಒಂದೇ ಒಂದು ಉಳಿದಿದ್ದರೂ ಮೀಟರು ಬೀಪ್ ಎನ್ನುತ್ತದೆ. ಬ್ರೇಕ್ ಬಿಗಿಯುವಾಗ ಮೋಟಾರು ಎಳೆಯುವುದು ಅದರ ಸಾವಿರಾರು ಪಟ್ಟು ಹೆಚ್ಚು, ಆ ಒಂದು ಎಳೆ ಅದನ್ನು ಹೊರಲಾರದು. ಅನುಭವಿ ಆಟೊ ಎಲೆಕ್ಟ್ರಿಷಿಯನ್‌ಗಳು ಇದಕ್ಕೆ ಹಳೆಯ ಹೆಡ್‌ಲೈಟ್ ಬಲ್ಬ್ ಬಳಸುತ್ತಾರೆ. ವೈರಿನ ಎರಡೂ ತುದಿಯನ್ನು ಕಂಪ್ಯೂಟರ್ ಮತ್ತು ಮೋಟಾರಿನಿಂದ ಬಿಚ್ಚಿ, ಆ ವೈರಿನ ಮೂಲಕವೇ 55 ವ್ಯಾಟಿನ ಬಲ್ಬಿಗೆ ಬ್ಯಾಟರಿ ಕರೆಂಟು ಹರಿಸುತ್ತಾರೆ. ಹೆಚ್ಚುಕಡಿಮೆ ನಾಲ್ಕೂವರೆ ಆಂಪಿಯರ್ ಹರಿಯಬೇಕು. ಬಲ್ಬ್ ಪ್ರಖರವಾಗಿ ಉರಿಯುತ್ತಿರುವಾಗಲೇ ವೈರನ್ನು ಇಂಚಿಂಚಾಗಿ ಬಾಗಿಸುತ್ತ ಹೋಗುತ್ತಾರೆ. ಎಲ್ಲಿ ಬೆಳಕು ಮಂಕಾಗಿ ಮಿಣುಕುತ್ತದೋ ಅಲ್ಲೇ ದೋಷ. ಕಂಪ್ಯೂಟರಿಗೆ ಕಪ್ಲರ್ ಸಿಕ್ಕಿಸಿರುವಾಗ ಈ ಪ್ರಯೋಗ ಮಾಡಿದರೆ ಕಂಪ್ಯೂಟರೇ ಸುಟ್ಟುಹೋಗಬಹುದು. ಆದ್ದರಿಂದ ಇದು ತಿಳಿದವರ ಕೆಲಸ, ವಾರಂಟಿ ಇರುವ ಕಾರಿನಲ್ಲಿ ನೀವಾಗಿ ಕೈಹಾಕಬೇಡಿ.

ಇನ್ನೊಂದು ಪರೀಕ್ಷೆಯನ್ನು ಏನೂ ಬಿಚ್ಚದೆ ಮಾಡಬಹುದು. ಡಿಸಿ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರನ್ನು ಒಂದು ಮೋಟಾರಿನ ಒಂದು ವೈರಿಗೆ ಮಾತ್ರ ತೊಡಿಸಿ ಬ್ರೇಕ್ ಹಾಕಿಸಿ, ಗರಿಷ್ಠ ಅಂಕಿ ಬರೆದುಕೊಳ್ಳಿ. ಇನ್ನೊಂದು ಕಡೆಯೂ ಹಾಗೇ ಮಾಡಿ. ಎರಡೂ ಹತ್ತಿರ ಹತ್ತಿರ ಇರಬೇಕು. ಒಂದು ಬದಿಯದು ತೀರಾ ಕಡಿಮೆಯಿದ್ದರೆ ಆ ದಾರಿಯಲ್ಲಿ ತಡೆಯಿದೆ. ಪ್ಯಾಡು ಡಿಸ್ಕಿಗೆ ತಾಗುವ ಮೊದಲೇ ಕರೆಂಟು ಏರಿಹೋದರೆ ಯಂತ್ರಭಾಗ ಬಿಗಿದುಕೊಂಡಿದೆ. ಮೋಟಾರನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದ ಕೂಡಲೇ ಓಡತೊಡಗಿದರೆ ಒಳಗಿನ ಕಾರ್ಬನ್ ಬ್ರಷ್ ಸವೆದಿರುವ ಸಾಧ್ಯತೆ ದೊಡ್ಡದು. ಮೋಟಾರು ಬದಲಾಯಿಸುವ ಮಾತು ಬರಬೇಕಾದದ್ದು ಈ ಹಂತದಲ್ಲಿ, ಇದಕ್ಕಿಂತ ಮೊದಲಲ್ಲ. ಎಷ್ಟೋ ಕಾರುಗಳಲ್ಲಿ ಮೋಟಾರು ಮಾತ್ರ ಬೇರೆಯಾಗಿ ಸಿಗುತ್ತದೆ, ಇಡೀ ಕ್ಯಾಲಿಪರ್ ಬೇಕಿಲ್ಲ. ಬಿಲ್ಲಿಗೆ ಮುನ್ನ ಕೇಳಿ ನೋಡಿ.

ಇಲಿಯನ್ನು ಮರೆಯುವಂತಿಲ್ಲ. ತೋಟದ ಮನೆ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟು ಎರಡೂ ಅದಕ್ಕೆ ಒಂದೇ. ಬಾನೆಟ್ಟಿನೊಳಗೆ ಹಿಕ್ಕೆ, ಕಡಿದ ಟೇಪಿನ ಚೂರು ಕಂಡರೆ ಎಬಿಎಸ್ ಘಟಕದ ಸುತ್ತಲಿನ ವೈರುಗಳನ್ನು ಟಾರ್ಚ್ ಹಾಕಿ ನೋಡಿ. ಅರ್ಧ ಕಡಿದ ವೈರು ಪೂರ್ತಿ ಕಡಿದದ್ದಕ್ಕಿಂತ ಹೆಚ್ಚು ಕಾಡಿಸುತ್ತದೆ.

ಗೇರಿನ ಪಕ್ಕದ ಸ್ವಿಚ್ಚೂ ಶಂಕಿತರ ಪಟ್ಟಿಯಲ್ಲಿರಬೇಕು. ನೋಡಲು ಒಂದೇ ಸ್ವಿಚ್ಚಾದರೂ ಸುರಕ್ಷತೆಗೆಂದು ಅದರೊಳಗೆ ಒಂದಕ್ಕಿಂತ ಹೆಚ್ಚು ಕಾಂಟ್ಯಾಕ್ಟುಗಳಿರುತ್ತವೆ. ಅವು ಕಳಿಸುವ ಸೂಚನೆಗಳನ್ನು ಕಂಪ್ಯೂಟರು ಒಂದಕ್ಕೊಂದು ತಾಳೆ ನೋಡುತ್ತದೆ, ತಾಳೆಯಾಗದಿದ್ದರೆ ಆಜ್ಞೆಯನ್ನು ಪಾಲಿಸದೆ ದೀಪ ಹತ್ತಿಸುತ್ತದೆ. ಕಪ್ ಹೋಲ್ಡರಿನಿಂದ ಚೆಲ್ಲಿದ ಟೀ, ಕಾಫಿ, ಎಳನೀರು ಸೇರಿದರೆ ಸಕ್ಕರೆಯ ಅಂಟು ಒಳಗೆ ಕೂರುತ್ತದೆ. ಸ್ವಿಚ್ಚನ್ನು ಎರಡು ಮೂರು ಸಲ ಎಳೆದ ಮೇಲೆ ಬ್ರೇಕ್ ಹಿಡಿಯುತ್ತಿದ್ದರೆ, ಮೊದಲ ಸಲ ಮೋಟಾರಿನ ಸದ್ದೇ ಬರದಿದ್ದರೆ, ಸ್ವಿಚ್ಚನ್ನು ಅನುಮಾನಿಸಿ.

ಬ್ರೇಕ್ ಲೈಟ್ ಸ್ವಿಚ್ಚಿನ ಮಾತು ಆಗಲೇ ಬಂತು. ಪೆಡಲ್ ಒತ್ತಿದ್ದೀರಿ ಎಂದು ಕಂಪ್ಯೂಟರಿಗೆ ತಿಳಿಸುವುದು ಅದೇ. ಅದು ಕೈಕೊಟ್ಟರೆ ಪಾರ್ಕಿಂಗ್ ಬ್ರೇಕ್ ಬಿಡುವುದಿಲ್ಲ, ಪುಷ್ ಬಟನ್ ಕಾರು ಕೆಲವೊಮ್ಮೆ ಸ್ಟಾರ್ಟೂ ಆಗುವುದಿಲ್ಲ, ‘ಪಿ’ಯಿಂದ ಗೇರ್ ಕದಲುವುದಿಲ್ಲ. ರಾತ್ರಿ ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ ಪೆಡಲನ್ನು ಹತ್ತಾರು ಸಲ ಬೇರೆ ಬೇರೆ ಬಗೆಯಲ್ಲಿ ಒತ್ತಿ, ಗೋಡೆಯ ಮೇಲೆ ಕೆಂಪು ಬೆಳಕು ಪ್ರತಿ ಸಲವೂ ಬರುತ್ತದೆಯೇ ನೋಡಿ. ಬಹಳ ಅಗ್ಗದ ಭಾಗ ಇದು, ಮೋಟಾರಿನ ಎಸ್ಟಿಮೇಟ್ ಬರುವ ಮುನ್ನ ಇದನ್ನು ನೋಡಿದ್ದಾರೆಯೇ ಎಂದು ಕೇಳಿ.

ಕೊನೆಗೆ ಯಂತ್ರಭಾಗ. ಹಿಂದಿನ ಬ್ರೇಕ್ ಪ್ಯಾಡು ತೀರಾ ಸವೆದಿದ್ದರೆ ಪಿಸ್ಟನ್ ಎಂದಿಗಿಂತ ಹೆಚ್ಚು ದೂರ ಸಾಗಬೇಕಾಗುತ್ತದೆ. ಕ್ಯಾಲಿಪರ್ ಜಾರುವ ಪಿನ್ನುಗಳಲ್ಲಿ ಗ್ರೀಸ್ ಒಣಗಿ ತುಕ್ಕು ಹಿಡಿದಿದ್ದರೆ ಮೋಟಾರು ಒದ್ದಾಡುತ್ತದೆ. ಸಮತಟ್ಟು ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಿಸಿ ಬಂದು, ಹಿಂದಿನ ಎರಡು ಚಕ್ರಗಳ ಬಳಿ ಮುಟ್ಟದೆ ಅಂಗೈ ಹಿಡಿದು ನೋಡಿ. ಒಂದು ಕಡೆ ಮಾತ್ರ ಬಿಸಿ ಹೊಡೆದರೆ, ಸುಟ್ಟ ವಾಸನೆ ಬಂದರೆ ಆ ಕಡೆ ಬ್ರೇಕ್ ಪೂರ್ತಿ ಬಿಡುತ್ತಿಲ್ಲ. ಅಂಥ ಕಾರನ್ನು ಮುಂದೆ ಓಡಿಸಬೇಡಿ.

ಪ್ಯಾಡು ಬದಲಾಯಿಸಿದ ಮೇಲೇ ದೋಷ ಶುರುವಾಯಿತೆಂದರೆ ಒಂದು ಪ್ರಶ್ನೆ ಕೇಳಲೇಬೇಕು: ಸರ್ವಿಸ್ ಮೋಡಿಗೆ ಹಾಕಿ ಕೆಲಸ ಮಾಡಿದರೇ? ಈ ಕ್ಯಾಲಿಪರ್‌ಗಳಲ್ಲಿ ಮೊದಲು ಸ್ಕ್ಯಾನರಿನಿಂದ, ಕೆಲವು ಕಾರುಗಳಲ್ಲಿ ಸ್ವಿಚ್ ಮತ್ತು ಪೆಡಲಿನ ನಿಗದಿತ ಕ್ರಮದಿಂದ, ಮೋಟಾರಿನ ಸ್ಕ್ರೂವನ್ನು ಪೂರ್ತಿ ಹಿಂದಕ್ಕೆ ಸರಿಸಬೇಕು. ಆಮೇಲೆ ಪಿಸ್ಟನ್ ಒತ್ತಬೇಕು. ಹಳೆಯ ರೂಢಿಯಂತೆ ಕ್ಲ್ಯಾಂಪ್ ಹಾಕಿ ಬಲವಂತವಾಗಿ ಒತ್ತಿದರೆ ಒಳಗಿನ ಸ್ಕ್ರೂ, ಗೇರುಗಳಿಗೆ ಪೆಟ್ಟಾಗುತ್ತದೆ. ಕೆಲಸದ ನಡುವೆ ಯಾರಾದರೂ ಇಗ್ನಿಷನ್ ಹಾಕಿದರೆ ಮೋಟಾರು ಓಡಿ ಬೆರಳು ಜಜ್ಜಿಹೋಗಬಹುದು. ಬೀದಿಬದಿಯ ಒಳ್ಳೆಯ ಮೆಕ್ಯಾನಿಕ್‌ಗಳ ಮೇಲೆ ನನಗೆ ಗೌರವವಿದೆ, ಆದರೆ ಸ್ಕ್ಯಾನರ್ ಇಲ್ಲದವರ ಕೈಗೆ ಈ ಹಿಂದಿನ ಬ್ರೇಕನ್ನು ಕೊಡಬೇಡಿ.

ತಪ್ಪು ತಯಾರಿಕೆಯದ್ದೇ ಆಗಿರುವುದೂ ಉಂಟು. 2017ರ ಏಪ್ರಿಲ್‌ನಲ್ಲಿ ಟೆಸ್ಲಾ ಕಂಪನಿ ಸುಮಾರು 53,000 ಕಾರುಗಳನ್ನು ವಾಪಸು ಕರೆಯಿತು. ಹೊರಗಿನ ಪೂರೈಕೆದಾರರು ತಯಾರಿಸಿದ ಪಾರ್ಕಿಂಗ್ ಬ್ರೇಕಿನ ಒಂದು ಪುಟ್ಟ ಗೇರು ಮುರಿಯಬಹುದು, ಮುರಿದರೆ ಬ್ರೇಕ್ ಬಿಡದೆ ಹೋಗಬಹುದು ಎಂಬುದು ಕಾರಣ. ನಿಮ್ಮ ಕಾರಿನ 17 ಅಕ್ಷರಾಂಕಿಯ ಚಾಸಿ ನಂಬರನ್ನು ಕೊಟ್ಟು ರೀಕಾಲ್ ಇದೆಯೇ, ಬ್ರೇಕ್ ಮಾಡ್ಯೂಲಿಗೆ ಹೊಸ ಸಾಫ್ಟ್‌ವೇರ್ ಬಂದಿದೆಯೇ ಎಂದು ಕಂಪನಿಯ ಡೀಲರನ್ನು ಕೇಳಿ. ನಮ್ಮಲ್ಲಿ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ದೋಷಪೂರಿತ ವಾಹನಗಳನ್ನು ವಾಪಸು ಕರೆಸುವ ಅಧಿಕಾರವನ್ನು ಸರ್ಕಾರಕ್ಕೂ ಕೊಟ್ಟಿದೆ.

ದಾರಿಯಲ್ಲೇ ಬ್ರೇಕ್ ಬಿಡದೆ ಕೂತರೆ ಏನು ಮಾಡಬೇಕು? ಇಗ್ನಿಷನ್ ಆನ್ ಮಾಡಿ, ಬೆಲ್ಟ್ ಹಾಕಿ, ಪೆಡಲನ್ನು ಗಟ್ಟಿಯಾಗಿ ಒತ್ತಿ ಸ್ವಿಚ್ ಒತ್ತಿ. ಬ್ಯಾಟರಿ ಇಳಿದಿರುವ ಸೂಚನೆಯಿದ್ದರೆ ಇನ್ನೊಂದು ಕಾರಿನಿಂದ ಜಂಪ್ ಕೊಡಿ. ಆಗಲೂ ಬಿಡದಿದ್ದರೆ ಆಕ್ಸಿಲರೇಟರ್ ಒತ್ತಿ ಎಳೆದಾಡಬೇಡಿ, ನಾಲ್ಕೂ ಚಕ್ರ ಎತ್ತುವ ಫ್ಲ್ಯಾಟ್‌ಬೆಡ್ ಗಾಡಿಯನ್ನೇ ಕರೆಸಿ. ಓಡುವಾಗ ಕಾಲಿನ ಬ್ರೇಕ್ ಕೈಕೊಟ್ಟ ತುರ್ತಿನಲ್ಲಿ ಈ ಸ್ವಿಚ್ಚನ್ನು ಎಳೆದು ಹಿಡಿದೇ ಇದ್ದರೆ ಹೆಚ್ಚಿನ ಕಾರುಗಳು ಹತೋಟಿಯಲ್ಲಿ ನಿಲ್ಲುತ್ತವೆ. ಆ ಕೊನೆಯ ಆಸರೆಯೂ ಕೈಯಲ್ಲಿರಬೇಕಾದರೆ ಹಳದಿ ದೀಪವನ್ನು ‘ಬಂದು ಹೋಯಿತಲ್ಲ’ ಎಂದು ಬಿಡುವ ಹಾಗಿಲ್ಲ.

ರಿಪೇರಿ ಮುಗಿಯಿತು ಎಂದು ಫೋನ್ ಬಂದಾಗ ಹಳೆಯ ಭಾಗವನ್ನು ತೋರಿಸಲು ಹೇಳಿ. ಯಾವ ಪರೀಕ್ಷೆಯಲ್ಲಿ ಅದು ಕೆಟ್ಟಿದೆ ಎಂದು ಗೊತ್ತಾಯಿತು ಎಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆಸಿ. ಆಮೇಲೆ ಅಡ್ವೈಸರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತಿರದ ಫ್ಲೈಓವರ್ ಅಲ್ಲದ, ವಾಹನಸಂಚಾರವಿಲ್ಲದ ಒಂದು ಇಳಿಜಾರಿಗೆ ಹೋಗಿ. ಗೇರನ್ನು ನ್ಯೂಟ್ರಲ್‌ಗೆ ತಂದು ಪಾರ್ಕಿಂಗ್ ಬ್ರೇಕ್ ಹಾಕಿ, ಪೆಡಲಿನ ಮೇಲಿನ ಕಾಲನ್ನು ನಿಧಾನವಾಗಿ ಎತ್ತಿ, ಆದರೆ ಅದರ ಮೇಲೇ ಸಿದ್ಧವಾಗಿಟ್ಟುಕೊಳ್ಳಿ. ಮೂತಿ ಮೇಲಕ್ಕೆ ಮಾಡಿ ಒಮ್ಮೆ, ಕೆಳಕ್ಕೆ ಮಾಡಿ ಒಮ್ಮೆ. ಎರಡು ಸಲವೂ ಕಾರು ಕದಲದೆ ನಿಂತ ಮೇಲೆ ಮಾತ್ರ ಸಹಿ ಹಾಕಿ.